ಹಳೇ ಸರ್ಕಾರಿ ದಾಖಲೆ ಹುಡುಕುವುದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಮಾರ್ಗದರ್ಶಿ

"ನಮ್ಮ ಅಜ್ಜನಿಗೆ ಮಂಜೂರಾದ ಜಮೀನಿನ ಕಡತ ಎಲ್ಲಿ ಸಿಗುತ್ತದೆ?" "ತಾಲ್ಲೂಕು ಆಫೀಸಿನಲ್ಲಿ ಇಲ್ಲ ಅಂದರು, ಮುಂದೇನು ಮಾಡಲಿ?" "ನಮ್ಮೂರ ಕೆರೆಯ ಇತಿಹಾಸ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?" ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು, ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹಳೇ ಕಾಗದ ಕೈಗೆ ಸಿಗದೆ ವಾಪಸ್ ಬಂದವರಲ್ಲಿ ಜಾಸ್ತಿ ಜನ ಎರಡು ತಪ್ಪು ಮಾಡಿರುತ್ತಾರೆ. ಒಂದು, ಬೇರೆ ಆಫೀಸಿಗೆ ಹೋಗಿರುತ್ತಾರೆ. ಎರಡು, ನಂಬರ್ ಇಲ್ಲದೆ ಬರೀ ಕಥೆ ಹೇಳಿರುತ್ತಾರೆ. ರೆಕಾರ್ಡ್ ರೂಮಿನಲ್ಲಿ ಸಾವಿರಾರು ಗಂಟುಗಳಿರುತ್ತವೆ. "ಅಜ್ಜ ಸತ್ತ ಮೇಲೆ ದೊಡ್ಡಪ್ಪ ಖಾತೆ ಮಾಡಿಸಿಕೊಂಡರು" ಅಂತ ಹೇಳಿದರೆ ಅಲ್ಲಿನ ಸಿಬ್ಬಂದಿ ಯಾವ ಗಂಟು ಬಿಚ್ಚಬೇಕು? ವರ್ಷ ಮತ್ತು ನಂಬರ್ ಹೇಳಿದರೆ ಕೆಲಸ ಅರ್ಧ ಮುಗಿದ ಹಾಗೆ. ಕೆಳಗೆ ಬರೆದಿರುವ ಹಂತಗಳಲ್ಲಿ ಬಹುಪಾಲು ಆ ವರ್ಷ ಮತ್ತು ನಂಬರ್ ಹುಡುಕುವ ದಾರಿಗಳೇ.

ಹೊರಡುವ ಮೊದಲು

ಈಗಿನ ಪಹಣಿ, ಮನೆಯಲ್ಲಿರುವ ಹಳೇ ಕಂದಾಯ ರಸೀದಿಗಳು, ಕ್ರಯಪತ್ರ ಇದ್ದರೆ ಅದು, ವಂಶವೃಕ್ಷ, ಗುರುತಿನ ಚೀಟಿ, ಒಂದು ನೋಟ್‌ಬುಕ್. ಇಷ್ಟು ಸಾಕು. ಟ್ರಂಕಿನ ತಳದಲ್ಲಿರುವ ಹರಿದ ರಸೀದಿಯನ್ನೂ ಬಿಸಾಡಬೇಡಿ. ಅದರಲ್ಲಿ ಖಾತೆ ನಂಬರ್ ಇರುತ್ತದೆ, ವರ್ಷ ಇರುತ್ತದೆ.

1. ಮೊದಲು ವರ್ಷ, ಆಮೇಲೆ ಆಫೀಸು

ನಮ್ಮ ಭಾಗದವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಲೇಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.

ಇದರಿಂದ ನಿಮಗೇನಾಗಬೇಕು ಅಂದರೆ, ತಾಲ್ಲೂಕು ಮಟ್ಟದ ಕಾಗದಗಳು (ಪಹಣಿ, ಖಾತೆ ಬದಲಾವಣೆಯ ಮ್ಯುಟೇಶನ್, ಜಮೀನು ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿ) ಸಾಮಾನ್ಯವಾಗಿ ಆಯಾ ತಾಲ್ಲೂಕು ಕಚೇರಿಯಲ್ಲೇ ಇರುತ್ತವೆ. ಜಿಲ್ಲಾಧಿಕಾರಿ ಮಟ್ಟದಲ್ಲಿ ನಡೆದ 1997ಕ್ಕಿಂತ ಹಿಂದಿನ ಕಡತಗಳ ವಿಷಯ ಬೇರೆ. ಜಗಳೂರಿನ ಒಂದು ಮೇಲ್ಮನವಿಯ ಆದೇಶ 1985ರಲ್ಲಿ ಆಗಿದ್ದರೆ, ಅದನ್ನು ಬರೆದದ್ದು ಚಿತ್ರದುರ್ಗದ ಆಫೀಸು. ಚನ್ನಗಿರಿಯದಾದರೆ ಶಿವಮೊಗ್ಗ. ಅಂಥ ಕಡತ ಹೊಸ ಜಿಲ್ಲೆಗೆ ವರ್ಗವಾಗಿರಬಹುದು, ಆಗದೆಯೂ ಇರಬಹುದು. ಹಾಗಾಗಿ ಎರಡೂ ಕಡೆ ಕೇಳಬೇಕು. ನನಗೆ ಗೊತ್ತಿರುವ ಒಬ್ಬ ರೈತರು ಇದೊಂದು ವಿಷಯ ಗೊತ್ತಿಲ್ಲದೆ ಒಂದೇ ಆಫೀಸಿಗೆ ತಿಂಗಳುಗಟ್ಟಲೆ ಅಲೆದರು. ಅವರಿಗೆ ಬೇಕಾದ ಆದೇಶ ಇದ್ದದ್ದು ಹಳೇ ಜಿಲ್ಲಾ ಕೇಂದ್ರದಲ್ಲಿ.

ತಾಲ್ಲೂಕುಗಳೂ ಒಡೆದಿವೆ. ನ್ಯಾಮತಿ ಈಚೆಗಷ್ಟೇ ತಾಲ್ಲೂಕಾಯಿತು. ಅಲ್ಲಿನ ಹಳೇ ಕಾಗದ ಅಂದರೆ ಹೊನ್ನಾಳಿಯ ರೆಕಾರ್ಡ್ ರೂಮನ್ನೇ ಮೊದಲು ವಿಚಾರಿಸಿ.

ಇನ್ನೂ ಹಿಂದೆ ಹೋಗುವವರಿಗೆ ಇನ್ನೊಂದು ಗಡಿ ಇದೆ. ಚಿತ್ರದುರ್ಗ, ಶಿವಮೊಗ್ಗ ಎರಡೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹರಪನಹಳ್ಳಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ಭಾಗದ ಮೇಲಿನ ಹಂತದ ಹಳೇ ಕಡತ ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನೂ (ಹಳೇ ಸರ್ಕಾರಿ ಕಡತ ಕಾಪಾಡುವ ಕಚೇರಿ) ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

2. ದಾಖಲೆಯಲ್ಲಿ ನಿಮ್ಮ ಊರಿನ ಹೆಸರೇನು?

ನಾವು ಕರೆಯುವ ಊರೇ ಬೇರೆ, ಕಂದಾಯ ಇಲಾಖೆಯ ಊರೇ ಬೇರೆ. ಗೊಲ್ಲರಹಟ್ಟಿ, ತಾಂಡಾ, ಭದ್ರಾ ಕಾಲುವೆಯ ಕಡೆಯ ಕ್ಯಾಂಪುಗಳು ಹಳೇ ದಾಖಲೆಯಲ್ಲಿ ಪಕ್ಕದ ದೊಡ್ಡ ಊರಿನ ಹೆಸರಲ್ಲಿರುತ್ತವೆ. ಇದರ ಜೊತೆಗೆ ಬೇಚರಾಕ್ ಗ್ರಾಮಗಳ ತೊಡಕು ಬೇರೆ. ಬೇಚರಾಕ್ ಅಂದರೆ ಜನವಸತಿ ಇಲ್ಲದ ಊರು. ಪ್ಲೇಗೋ ಬರವೋ ಬಂದು ಜನ ಎದ್ದುಹೋಗಿರುತ್ತಾರೆ, ಮನೆ ಒಂದೂ ಇರುವುದಿಲ್ಲ. ಆದರೆ ಆ ಊರಿನ ಹೆಸರು, ಸರ್ವೆ ನಂಬರುಗಳು, ನಕ್ಷೆ ಎಲ್ಲವೂ ಸರ್ಕಾರದ ಪುಸ್ತಕದಲ್ಲಿ ಹಾಗೇ ಇರುತ್ತವೆ. ನಿಮ್ಮ ಜಮೀನು ನಿಮ್ಮೂರಿನ ಅಂಚಿನಲ್ಲಿದ್ದರೆ, ಅದು ಬೇಚರಾಕ್ ಗ್ರಾಮದ ಲೆಕ್ಕದಲ್ಲಿ ಇದೆಯಾ ಅಂತ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಈಗಿನ ಪಹಣಿಯ ಮೇಲ್ಭಾಗದಲ್ಲೂ ಗ್ರಾಮದ ಹೆಸರು ಅಚ್ಚಾಗಿರುತ್ತದೆ.

ಹೋಬಳಿ ಬರೆಯುವುದನ್ನು ಮರೆಯಬೇಡಿ. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಹಳ್ಳಿ ಇದ್ದರೆ, ಕಸಬಾ ಹೋಬಳಿಯದಾ, ಆನಗೋಡು ಹೋಬಳಿಯದಾ ಅಂತ ಬರೆಯದಿದ್ದರೆ ಬೇರೆಯವರ ಕಾಗದ ನಿಮ್ಮ ಕೈಗೆ ಬರುತ್ತದೆ.

3. ಪಹಣಿ ಹಿಡಿದು ಹಿಂದಕ್ಕೆ ನಡೆಯಿರಿ

ಜಮೀನಿನ ದಾಖಲೆ ಹುಡುಕುವವರಿಗೆ ಇದು ಅಸಲಿ ಕೆಲಸ. ನಿಧಾನವಾಗಿ ಮಾಡಿ.

ಪಹಣಿಯನ್ನೇ ಆರ್‌ಟಿಸಿ ಅಂತಲೂ ಕರೆಯುತ್ತಾರೆ. ಭೂಮಿ ಯೋಜನೆ ಬಂದ ಮೇಲೆ, ಅಂದರೆ ಸುಮಾರು 2000ದಿಂದ ಈಚೆಗೆ, ಅದು ಕಂಪ್ಯೂಟರಿನಲ್ಲಿದೆ. ಅದಕ್ಕೆ ಹಿಂದಿನದೆಲ್ಲ ಕೈಬರಹದ ಪಹಣಿ. ರೆಕಾರ್ಡ್ ರೂಮಿನಲ್ಲಿ ಊರಿಗೊಂದು ಪುಸ್ತಕದ ಹಾಗೆ ಇರುತ್ತದೆ, ಒಂದೊಂದು ಹಾಳೆಯಲ್ಲಿ ಹಲವು ವರ್ಷಗಳ ವಿವರ ಇರುತ್ತದೆ.

ಪಹಣಿ ಕೈಗೆ ಬಂದ ತಕ್ಷಣ ನೇರವಾಗಿ 9, 10 ಮತ್ತು 11ನೇ ಕಲಂ ನೋಡಿ. 9ರಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನುವುದು ಇರುತ್ತದೆ. 11ರಲ್ಲಿ ಸಾಲ, ತಕರಾರು, ಇತರ ಹಕ್ಕು. ನಿಮಗೆ ಬೇಕಾದ ಬೀಗದ ಕೈ ಇರುವುದು 10ನೇ ಕಲಂನಲ್ಲಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ, ಒಂದು ನಂಬರ್, ಒಂದು ವರ್ಷ ಇರುತ್ತದೆ. ಉದಾಹರಣೆಗೆ "ಎಂ.ಆರ್. 14/1982-83" ಅಂತ. ಹೆಚ್ಚಾಗಿ ಕಾಣುವ ಸಂಕೇತಗಳು ಇವು:

ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಖಾತೆ ಬದಲಾವಣೆಯ ಪುಸ್ತಕ. ಐ.ಹೆಚ್.ಸಿ. ಅಂದರೆ ಪೌತಿಯಿಂದ ಆದ ವಾರಸಾ ಖಾತೆ. ಪೌತಿ ಅಂದರೆ ಖಾತೆದಾರ ತೀರಿಹೋಗುವುದು. ಆರ್.ಆರ್. ಅಂದರೆ ಹಕ್ಕು ದಾಖಲೆಯ ಹಳೇ ರಿಜಿಸ್ಟರ್. ಐ.ಎಲ್. ಅಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಸರ್ವೆ ನಂಬರ್ ಪ್ರಕಾರ ಜಮೀನಿನ ಸೂಚಿ. ಈ ಆರ್.ಆರ್. ಮತ್ತು ಐ.ಎಲ್. ಹಳೇ ಮೈಸೂರು ಸೀಮೆಯ ತಾಲ್ಲೂಕುಗಳಲ್ಲಿ ಬಹಳ ಮುಖ್ಯ. ಸ್ವಾತಂತ್ರ್ಯಕ್ಕೆ ಮೊದಲು ಜಮೀನು ಯಾರ ಹೆಸರಲ್ಲಿತ್ತು ಅಂತ ತಿಳಿಯಲು ಇವೇ ಆಧಾರ. ಎಲ್.ಎನ್.ಡಿ. ಅಂತ ಇದ್ದರೆ ಅದು ಜಮೀನು ಮಂಜೂರಾತಿಯ ಕಡತ. ಎಲ್.ಆರ್.ಎಫ್. ಅಂತ ಇದ್ದರೆ ಭೂಸುಧಾರಣೆಯದು, ಗೇಣಿದಾರರಿಗೆ ಭೂಮಿ ಬಂದದ್ದು.

ಒಂದು ಪಹಣಿಯಲ್ಲಿ ಸಿಕ್ಕ ಎಂ.ಆರ್. ನಂಬರ್ ಹಿಡಿದು ಮ್ಯುಟೇಶನ್ ಪುಟ ತೆಗೆಸಿ. ಅದರಲ್ಲಿ ಹಿಂದಿನ ಖಾತೆದಾರನ ಹೆಸರು ಇರುತ್ತದೆ. ಆ ಹೆಸರು ಹಿಡಿದು ಅದಕ್ಕೂ ಹಿಂದಿನ ಪಹಣಿ ನೋಡಿ. ಹೀಗೆ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ವರ್ಷ ಹಿಂದಕ್ಕೆ ಹೋಗಬೇಕು. ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ ಒಂದು ಬದಲಾವಣೆಯಂತೆ ಬರೆದುಕೊಳ್ಳಿ: ವರ್ಷ, ಯಾರಿಂದ, ಯಾರಿಗೆ, ಸಂಕೇತ, ನಂಬರ್.

ಎಲ್ಲರೂ ಎಡವುವುದು ಇಲ್ಲೇ: ಅಜ್ಜನ ಕಾಲಕ್ಕೆ ನೇರವಾಗಿ ಹಾರಲು ಹೋಗುತ್ತಾರೆ. ಮಧ್ಯೆ ಪೋಡಿಯಾಗಿ, ಅಂದರೆ ಜಮೀನು ಅಳತೆಯಾಗಿ ಭಾಗವಾಗಿ, 45 ಇದ್ದದ್ದು 45/1, 45/2 ಆಗಿರುತ್ತದೆ. ಅಥವಾ ರೀ-ಸರ್ವೆಯಾಗಿ ನಂಬರೇ ಪೂರ್ತಿ ಬದಲಾಗಿರುತ್ತದೆ. ಹಳೇ ನಂಬರ್ ಗೊತ್ತಿಲ್ಲದೆ ಹಳೇ ಪುಸ್ತಕ ತೆಗೆದರೆ ಬೇರೆ ಯಾರದೋ ಹೊಲ ಕಾಣುತ್ತದೆ.

4. ಯಾವ ಕಾಗದಕ್ಕೆ ಯಾವ ಬಾಗಿಲು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ವಿಷಯ ಮೇಲೆ ಹೇಳಿದೆ. ಅಳತೆಗೆ ಸಂಬಂಧಿಸಿದ ಟಿಪ್ಪಣಿ, ಆಕಾರಬಂದ್, ಗ್ರಾಮ ನಕ್ಷೆ, ಹಿಸ್ಸಾ (ಭಾಗವಾದ ಜಮೀನಿನ) ನಕ್ಷೆ ಬೇಕಾದರೆ ಸರ್ವೆ ಇಲಾಖೆಯ ಭೂದಾಖಲೆಗಳ ಸಹಾಯಕ ನಿರ್ದೇಶಕರ, ಅಂದರೆ ಎಡಿಎಲ್‌ಆರ್ ಕಚೇರಿಗೆ ಹೋಗಬೇಕು. ಟಿಪ್ಪಣಿ ಅಂದರೆ ಸರ್ವೆಯವರು ಸ್ಥಳದಲ್ಲಿ ಬರೆದುಕೊಂಡ ಅಳತೆ. ಆಕಾರಬಂದ್ ಅಂದರೆ ಆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಕಂದಾಯದ ಪಟ್ಟಿ.

ಕ್ರಯ, ದಾನ, ಅಡಮಾನ ಪತ್ರಗಳು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತವೆ. ಈಚಿನ ವರ್ಷಗಳ ಋಣಭಾರ ಪತ್ರವನ್ನು, ಅಂದರೆ ಇ.ಸಿ.ಯನ್ನು, ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು. ಕಂಪ್ಯೂಟರ್ ಬರುವುದಕ್ಕೆ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಟ್ಟು ಪುಸ್ತಕ ನೋಡಿಸಬೇಕು.

ಇನಾಂ ಜಮೀನಿನವರು, ಅಂದರೆ ಹಿಂದೆ ಸೇವೆಗೋ ದೇವಸ್ಥಾನಕ್ಕೋ ದಾನವಾಗಿ ಕೊಟ್ಟ ಜಮೀನಿನವರು, ಸ್ವಲ್ಪ ಜಾಸ್ತಿ ಓಡಾಡಬೇಕಾಗುತ್ತದೆ. ಮೈಸೂರು ರಾಜ್ಯದಲ್ಲಿ ವೈಯಕ್ತಿಕ ಇನಾಮುಗಳನ್ನು ರದ್ದು ಮಾಡಿದ್ದು 1954ರ ಕಾಯ್ದೆ, ದೇವಸ್ಥಾನ ಮತ್ತು ಧರ್ಮದ ಇನಾಮುಗಳನ್ನು 1955ರ ಕಾಯ್ದೆ. ಆ ಆದೇಶಗಳನ್ನು ಕೊಟ್ಟವರು ಇನಾಂ ರದ್ದತಿಯ ವಿಶೇಷ ಜಿಲ್ಲಾಧಿಕಾರಿಗಳು. ಹಾಗಾಗಿ ತಾಲ್ಲೂಕಿನಲ್ಲಿ ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, 1ನೇ ಹಂತದ ಜಿಲ್ಲೆಯ ಲೆಕ್ಕ ನೆನಪಿರಲಿ. ಶ್ಯಾನುಭೋಗ, ಪಟೇಲ, ತಳವಾರ, ತೋಟಿ, ನೀರಗಂಟಿ ಇನಾಮುಗಳಿಗೆ ಬೇರೆಯದೇ ಕಾಯ್ದೆ, 1961ರದು. ಗೇಣಿದಾರರು ಫಾರಂ 7, ಅಂದರೆ ತಾವು ಗೇಣಿ ಮಾಡುತ್ತಿದ್ದ ಭೂಮಿಯ ಹಕ್ಕು ಕೇಳುವ ಅರ್ಜಿ, ಕೊಟ್ಟದ್ದು 1974ರ ತಿದ್ದುಪಡಿಯ ನಂತರ. ಅದನ್ನು ತೀರ್ಮಾನಿಸಿದ್ದು ತಾಲ್ಲೂಕಿನ ಭೂ ನ್ಯಾಯಮಂಡಳಿ.

5. ಅರ್ಜಿ ಹೀಗಿರಲಿ

ರೆಕಾರ್ಡ್ ರೂಮಿನಲ್ಲಿ ನಿಮಗೆ ಬೇಕಾದ್ದು ದೃಢೀಕೃತ ನಕಲು. ಅಂದರೆ "ಮೂಲದಂತೆ ಇದೆ" ಅಂತ ಸಹಿ, ಮೊಹರು ಹಾಕಿದ ಪ್ರತಿ. ಕೋರ್ಟಿಗೆ ಬೇಕಾಗುವುದು ಇದೇ, ಸುಮ್ನೆ ಜೆರಾಕ್ಸ್ ಅಲ್ಲ.

ಅರ್ಜಿಯಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ದಾಖಲೆಯ ಹೆಸರು, ನಂಬರ್, ವರ್ಷ ಬರೆಯಿರಿ. ಒಂದು ಅರ್ಜಿಗೆ ಒಂದೇ ತರದ ದಾಖಲೆ ಕೇಳಿ. ಪಹಣಿಗೆ ಒಂದು, ಮಂಜೂರಾತಿ ಕಡತಕ್ಕೆ ಇನ್ನೊಂದು. ಎಲ್ಲ ಸೇರಿಸಿ ಕೇಳಿದರೆ ಸಿಕ್ಕದ ಒಂದು ಕಾಗದಕ್ಕಾಗಿ ಸಿಕ್ಕಿದ ನಾಲ್ಕೂ ಕಾಯುತ್ತವೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.

ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮೂರಿನದು ಆಗಿದೆಯಾ ಅಂತ ಮೊದಲು ಕೇಳಿ. ಆಗಿದ್ದರೆ ಗಂಟು ಬಿಚ್ಚುವ ಕೆಲಸವೇ ಇರುವುದಿಲ್ಲ.

ಮಧ್ಯವರ್ತಿಗಳ ಕೈಗೆ ಮೂಲ ಕಾಗದ ಕೊಡಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಎಷ್ಟೇ ಪರಿಚಯದವರಾದರೂ ಜೆರಾಕ್ಸ್ ಮಾತ್ರ ಕೊಡಿ.

6. "ಕಡತ ಲಭ್ಯವಿಲ್ಲ" ಅಂದರೆ

ಇಲ್ಲಿಗೆ ಕೈಚೆಲ್ಲುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಬಾಯಿಮಾತಿನ "ಇಲ್ಲ"ಕ್ಕೆ ಬೆಲೆ ಇಲ್ಲ. ಹಿಂಬರಹ ಕೇಳಿ. ಹಿಂಬರಹ ಅಂದರೆ ನಿಮ್ಮ ಅರ್ಜಿಗೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ. ಹಿಂಬರಹ ಕೊಡಬೇಕು ಅಂದಾಗ ಸಿಬ್ಬಂದಿ ಇನ್ನೊಂದು ಸಲ ಹುಡುಕುತ್ತಾರೆ, ಎಷ್ಟೋ ಸಲ ಕಡತ ಆಗಲೇ ಸಿಗುತ್ತದೆ. ಸಿಗದಿದ್ದರೆ ಮುಂದೆ ಮೇಲ್ಮನವಿಗೆ, ಕೋರ್ಟಿಗೆ ಆ ಹಿಂಬರಹವೇ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಎಲ್ಲ ಕಡತವನ್ನೂ ಸರ್ಕಾರ ಕೊನೆವರೆಗೆ ಇಡುವುದಿಲ್ಲ ಅನ್ನುವುದೂ ನಿಜ. ಕಡತ ಮುಗಿದಾಗ ಅದಕ್ಕೊಂದು ವರ್ಗ ಹಾಕುತ್ತಾರೆ. ಎ ಅಂದರೆ ಶಾಶ್ವತ, ಬಿ ಅಂದರೆ 30 ವರ್ಷ, ಸಿ ಅಂದರೆ 10 ವರ್ಷ, ಅದಕ್ಕೂ ಕೆಳಗಿನವು ಇನ್ನೂ ಬೇಗ ಹೋಗುತ್ತವೆ. "ನಾಶ ಮಾಡಿದ್ದೇವೆ" ಅಂದರೆ, ನಾಶಪಡಿಸಿದ ಕಡತಗಳ ಪಟ್ಟಿಯಲ್ಲಿ ಆ ನಂಬರ್ ಇರುವ ಪುಟದ ನಕಲು ಕೇಳಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಕಡತ ಎಲ್ಲೋ ಇರಬೇಕು ಅಲ್ವಾ? ಸಾರ್ವಜನಿಕ ದಾಖಲೆಗಳನ್ನು ಕಾಪಾಡುವುದಕ್ಕೆಂದೇ ರಾಜ್ಯದಲ್ಲಿ 2010ರ ಕಾಯ್ದೆಯೂ ಇದೆ. ಅರ್ಜಿಯಲ್ಲಿ ಅದನ್ನು ಒಂದು ಸಾಲು ನೆನಪಿಸಿ.

ಒಂದು ಕಡತ ಸಿಗದಿದ್ದರೂ ಅದರ ಹೆಜ್ಜೆ ಬೇರೆ ಪುಸ್ತಕಗಳಲ್ಲಿ ಉಳಿದಿರುತ್ತದೆ. ಮಂಜೂರಾತಿ ಕಡತ ಕಾಣೆಯಾಗಿದ್ದರೆ ದರಖಾಸ್ತು ರಿಜಿಸ್ಟರ್, ಸಾಗುವಳಿ ಚೀಟಿ ಕೊಟ್ಟ ರಿಜಿಸ್ಟರ್, ಆ ವರ್ಷದ ಮ್ಯುಟೇಶನ್, ಪೋಡಿ ದಾಖಲೆ ಕೇಳಿ. ದರಖಾಸ್ತು ಅಂದರೆ ಸರ್ಕಾರಿ ಜಮೀನಿಗಾಗಿ ಕೊಟ್ಟ ಅರ್ಜಿ.

7. ಮಾಹಿತಿ ಹಕ್ಕು

ಹಿಂಬರಹವನ್ನೂ ಕೊಡದಿದ್ದರೆ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟು ಕಳಿಸಬಹುದು. ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ ಇದೆ. ಹಾಗಾಗಿ ಹಿನ್ನೆಲೆ ಕಥೆ ಬೇಡ.

"ಯಾಕೆ ಖಾತೆ ಮಾಡಿದಿರಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಈ ಕಾನೂನಿನಲ್ಲಿ ಇರುವ ಕಾಗದ ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ಹೀಗೆ ಬರೆಯಿರಿ: "ಇಂಥ ಗ್ರಾಮದ ಇಂಥ ಸರ್ವೆ ನಂಬರಿಗೆ ಸಂಬಂಧಿಸಿದ ಎಂ.ಆರ್. 14/1982-83ರ ಪುಟದ ಹಾಗೂ ಅದಕ್ಕೆ ಲಗತ್ತಾದ ಎಲ್ಲಾ ಕಾಗದಗಳ ದೃಢೀಕೃತ ನಕಲು ಕೊಡಿ. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ನಿಗದಿ ಮಾಡಿ." ಕೊನೆಯ ಸಾಲು ಬಹಳ ಜನಕ್ಕೆ ಗೊತ್ತಿಲ್ಲ. ಕಡತವನ್ನು ಕೂತು ನೋಡುವ ಹಕ್ಕು ನಿಮಗಿದೆ, ಮೊದಲ ಒಂದು ಗಂಟೆಗೆ ಶುಲ್ಕವೂ ಇಲ್ಲ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಈ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅವಧಿ ಮೀರಿ ಸೋತವರು ಬಹಳ ಜನ. ತಪ್ಪು ಕಚೇರಿಗೆ ಅರ್ಜಿ ಹೋಗಿದ್ದರೆ 5 ದಿನದಲ್ಲಿ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರದೇ ಜವಾಬ್ದಾರಿ. ಚಿತ್ರದುರ್ಗವಾ, ದಾವಣಗೆರೆಯಾ ಅಂತ ಗೊತ್ತಾಗದವರಿಗೆ ಇದರಿಂದ ತುಂಬಾ ಅನುಕೂಲ.

8. ಊರಿನ ಇತಿಹಾಸ ಹುಡುಕುವವರಿಗೆ: ಪತ್ರಾಗಾರ

ಕೆರೆ, ದೇವಸ್ಥಾನ, ಶಾಲೆ, ಬರ, ಅಣೆಕಟ್ಟು ಇಂಥ ವಿಷಯಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಅದು ಬೆಂಗಳೂರಿನ ವಿಕಾಸಸೌಧದಲ್ಲಿದೆ. ಮೈಸೂರು, ಧಾರವಾಡ, ಕಲಬುರಗಿಯಲ್ಲಿ ವಿಭಾಗೀಯ ಕಚೇರಿಗಳಿವೆ. ಮೈಸೂರು ಸಂಸ್ಥಾನದ ಸಚಿವಾಲಯದ ಕಡತಗಳು ಅಲ್ಲಿವೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಂಥ ಕೆಲಸದ ಬಗ್ಗೆ ಹುಡುಕುವವರು ಇಲ್ಲಿಂದಲೇ ಶುರು ಮಾಡಬೇಕು.

ಹೋಗುವ ಮೊದಲು ಪತ್ರ ಬರೆದು ಅಥವಾ ಫೋನ್ ಮಾಡಿ ಅನುಮತಿ ಕೇಳಿ. ವಿಷಯ, ಕಾಲ, ಉದ್ದೇಶ ಮೂರನ್ನೂ ತಿಳಿಸಿ. ವಿದ್ಯಾರ್ಥಿಗಳು ಕಾಲೇಜಿನ ಪತ್ರ ತೆಗೆದುಕೊಂಡು ಹೋಗಿ. ನೋಟ್ಸ್ ಬರೆಯಲು ಪೆನ್ಸಿಲ್ ಇರಲಿ, ಹಳೇ ಕಾಗದದ ಹತ್ತಿರ ಪೆನ್ನು ತೆಗೆಯಬಾರದು. ಅಲ್ಲಿ ಕೇಳಬೇಕಾದ್ದು ಮೊದಲು ಕಡತವಲ್ಲ, ಕಡತಗಳ ಸೂಚಿ. ಸೂಚಿಯಲ್ಲಿ ಇಲಾಖೆ ಮತ್ತು ವರ್ಷದ ಪ್ರಕಾರ ಹುಡುಕಿ ನಂಬರ್ ಬರೆದುಕೊಟ್ಟರೆ ಕಡತ ತಂದುಕೊಡುತ್ತಾರೆ.

ಇಂಗ್ಲಿಷ್ ಸೂಚಿಯಲ್ಲಿ ಈಗಿನ ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ. ಬ್ರಿಟಿಷರ ಕಾಲದ ಕಾಗದದಲ್ಲಿ ಚಿತ್ರದುರ್ಗ "ಚಿತಲ್‌ಡ್ರೂಗ್" ಆಗಿದೆ. 1863ರ ನಂತರದ ಕೆಲವು ವರ್ಷ ಚಿತ್ರದುರ್ಗ, ಶಿವಮೊಗ್ಗ, ಕಡೂರು ಮೂರೂ "ನಗರ ಡಿವಿಷನ್" ಅಡಿಯಲ್ಲಿದ್ದವು. ಹಾಗಾಗಿ ನಗರ ಅನ್ನುವ ಹೆಸರಿನಲ್ಲೂ ನೋಡಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳನ್ನು "ಅಭಿಲೇಖ್ ಪಟಲ್" ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಶಾಸನಗಳಿಗಾದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಗೇ ಮೀಸಲು.

9. ಕೈಗೆ ಬಂದ ಕಾಗದ ಓದುವುದು

ಹಳೇ ಲೆಕ್ಕದಲ್ಲಿ ಕಾಲು, ಅರ್ಧ, ಮುಕ್ಕಾಲನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ಒಂದು ಉದ್ದ ಗೆರೆ ಎಳೆದರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. ಈ ಗೆರೆಗಳನ್ನು ಒಂದು, ಹನ್ನೊಂದು ಅಂತ ಓದಿ ಗಾಬರಿಯಾದವರಿದ್ದಾರೆ. ವಿಸ್ತೀರ್ಣದಲ್ಲಿ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಆದರೆ ಕಂದಾಯದ ಕಲಂನಲ್ಲಿ ಆಣೆ ಅಂದರೆ ದುಡ್ಡು, 16 ಆಣೆಗೆ ಒಂದು ರೂಪಾಯಿ. ಯಾವ ಕಲಂ ಅಂತ ನೋಡಿಕೊಂಡು ಓದಿ. ಖುಷ್ಕಿ ಅಂದರೆ ಮಳೆ ನಂಬಿದ ಬೆದ್ದಲು, ತರಿ ಅಂದರೆ ನೀರಾವರಿ ಗದ್ದೆ, ಬಾಗಾಯ್ತು ಅಂದರೆ ತೋಟ.

ವರ್ಷದ ಬದಲು ಸಂವತ್ಸರದ ಹೆಸರು ಇದ್ದರೆ 60 ವರ್ಷಕ್ಕೊಮ್ಮೆ ಅದು ತಿರುಗುತ್ತದೆ ಅನ್ನುವುದು ನೆನಪಿರಲಿ. ಕ್ರೋಧಿ ಸಂವತ್ಸರ 2024-25ರಲ್ಲಿ ಬಂತು. ಅದಕ್ಕೆ ಹಿಂದೆ 1964-65, ಅದಕ್ಕೂ ಹಿಂದೆ 1904-05. ಕಾಗದದಲ್ಲಿರುವ ಹೆಸರುಗಳನ್ನು ನೋಡಿದರೆ ಮೂರರಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ಹರಪನಹಳ್ಳಿ ಕಡೆಯ ಹಳೇ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1340 ಅಂದರೆ 1930ರ ಜುಲೈನಿಂದ 1931ರ ಜೂನ್‌ವರೆಗೆ.

ಕೈಬರಹ ಅರ್ಥವಾಗದಿದ್ದರೆ ಊರಿನ ಹಿರಿಯರಲ್ಲಿ, ನಿವೃತ್ತ ಶಿರಸ್ತೇದಾರರಲ್ಲಿ, ಹಳೇ ಶ್ಯಾನುಭೋಗರ ಮನೆಯವರಲ್ಲಿ ಓದಬಲ್ಲವರು ಇನ್ನೂ ಇದ್ದಾರೆ. ಅವರ ಮುಂದೆ ಕೂತು ಓದಿಸಿ, ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ನಕಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಯಾವ ಕಚೇರಿ, ಯಾವ ಪುಸ್ತಕ, ಎಷ್ಟನೇ ಪುಟ, ಯಾವ ತಾರೀಖಿಗೆ ಸಿಕ್ಕಿತು ಅಂತ ಅವತ್ತೇ ಬರೆದಿಡಿ. ಆಮೇಲೆ ಎಲ್ಲದರ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ.